ಮೂತ್ರದಲ್ಲಿ ಹಿಪ್ಯುರೇಟ್ ಕಡಿಮೆ, ಅಸಿಟೇಟ್ ಹೆಚ್ಚು: ಕಾಯಿಲೆಯೋ, ಮಾದರಿ ಕೆಟ್ಟಿದ್ದೋ?

ಪ್ರಶ್ನೆ: ಮಧುಮೇಹಿಗಳ ಮೂತ್ರದ ಎನ್‌ಎಂಆರ್ (ಅಣುಗಳನ್ನು ಅವುಗಳ ಶಿಖರಗಳಿಂದ ಗುರುತಿಸಿ ಅಳೆಯುವ ಪರೀಕ್ಷೆ) ಮಾಡಿಸಿದ್ದೇವೆ. ಕೆಲವು ಮಾದರಿಗಳಲ್ಲಿ ಹಿಪ್ಯುರೇಟ್ ತೀರಾ ಕಡಿಮೆ, ಬೆಂಜೋಯೇಟ್ ಮತ್ತು ಅಸಿಟೇಟ್ ಹೆಚ್ಚು. ಮೂತ್ರ ತೆಳುವೋ ಗಟ್ಟಿಯೋ ಎಂಬ ವ್ಯತ್ಯಾಸ ಹೋಗಲೆಂದು ಎಲ್ಲವನ್ನೂ ಕ್ರಿಯಾಟಿನಿನ್‌ನಿಂದ ಭಾಗಿಸಿದ್ದೇವೆ. ಇದನ್ನು ಮೂತ್ರಪಿಂಡ ಸೋತ ಲಕ್ಷಣ ಎನ್ನಬಹುದೇ?

ಉತ್ತರ 1: ಮೊದಲು ಬ್ಯಾಕ್ಟೀರಿಯಾ ಮೇಲೆ ಅನುಮಾನಪಡಿ. ಹಿಪ್ಯುರೇಟ್ ಎಂದರೆ ಬೆಂಜೋಯೇಟಿಗೆ ಗ್ಲೈಸಿನ್ ಅಂಟಿಕೊಂಡ ಅಣು. ಮೂತ್ರ ಹೊರಗೆ ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾ ಆ ಜೋಡಿಯನ್ನು ಬಿಡಿಸುತ್ತವೆ. ಹಿಪ್ಯುರೇಟ್ ಇಳಿದಷ್ಟೂ ಬೆಂಜೋಯೇಟ್ ಏರುತ್ತದೆ. ಜೊತೆಗೆ 1.92 ಪಿಪಿಎಂ (ಶಿಖರದ ಸ್ಥಾನ ಹೇಳುವ ಅಳತೆ) ಬಳಿ, ಬ್ಯಾಕ್ಟೀರಿಯಾ ಬೆಳೆದಾಗ ಹುಟ್ಟುವ ಅಸಿಟೇಟಿನ ಒಂಟಿ ಶಿಖರ ಎದ್ದಿದ್ದರೆ ಆ ಮಾದರಿಯನ್ನು ಕೈಬಿಡಿ, ಯಾವ ಲೆಕ್ಕಾಚಾರದಿಂದಲೂ ಅದನ್ನು ಸರಿಪಡಿಸಲಾಗದು. ಮುಂದಿನ ಸಲ ಸಂಗ್ರಹಿಸಿದ ಕೂಡಲೇ 4 ಡಿಗ್ರಿಗೆ ಇಳಿಸಿ, ಅದೇ ದಿನ ಜೀವಕೋಶಗಳು ತಳಕ್ಕಿಳಿಯುವಂತೆ ಮೆಲ್ಲಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಚಿಕ್ಕ ಚಿಕ್ಕ ಪಾಲುಗಳಾಗಿ ಮೈನಸ್ 80ರಲ್ಲಿಡಿ. ಜೋರಾಗಿ ತಿರುಗಿಸಿದರೆ ಜೀವಕೋಶಗಳು ಒಡೆದು ಒಳಗಿನದೆಲ್ಲ ಮೂತ್ರಕ್ಕೆ ಸೇರುತ್ತದೆ.

ಉತ್ತರ 2: ಮಾದರಿ ಚೆನ್ನಾಗಿದ್ದರೂ ಕ್ರಿಯಾಟಿನಿನ್ ಕೈಕೊಡಬಹುದು. ಅದು ಸ್ನಾಯುವಿನಿಂದ ಬರುವಂಥದ್ದು. ಸ್ನಾಯು ಕರಗಿದ ವೃದ್ಧರಲ್ಲಿ ಛೇದವೇ ಚಿಕ್ಕದಾಗಿ, ಎಲ್ಲ ಅನುಪಾತಗಳೂ ಮೇಲೇರಿ ಕಾಣುತ್ತವೆ. ಆಸ್ಮೊಲಾಲಿಟಿಯಿಂದಲೂ (ಮೂತ್ರದಲ್ಲಿ ಕರಗಿದ ಕಣಗಳ ಒಟ್ಟು ಸಾಂದ್ರತೆ) ಒಮ್ಮೆ ಲೆಕ್ಕ ಹಾಕಿ ಹೋಲಿಸಿ, ಆದರೆ ಮೂತ್ರದಲ್ಲಿ ಸಕ್ಕರೆ ಇದ್ದರೆ ಅದೂ ಏರುತ್ತದೆ ಎಂಬುದು ನೆನಪಿರಲಿ. ಎಲ್ಲ ಶಿಖರಗಳ ಒಟ್ಟು ವಿಸ್ತೀರ್ಣದಿಂದ ಭಾಗಿಸುವುದಂತೂ ಬೇಡ: ಎಸ್‌ಜಿಎಲ್‌ಟಿ2 ತಡೆಯುವ ಮಾತ್ರೆ (ಸಕ್ಕರೆಯನ್ನು ಮೂತ್ರಕ್ಕೆ ಬಿಡುವ ಮಧುಮೇಹದ ಔಷಧಿ) ತಿನ್ನುವವರಲ್ಲಿ ಗ್ಲೂಕೋಸ್ ಒಂದೇ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಹಿಪ್ಯುರೇಟನ್ನೂ 3.97ರಲ್ಲಿ ಅಳೆಯಬೇಡಿ, ಗ್ಲೂಕೋಸಿನ ಗುಂಪು ಪಕ್ಕದಲ್ಲೇ ಇದೆ. 7.83ರ ಶಿಖರವೇ ವಾಸಿ.

ಉತ್ತರ 3: ಊಟದ ಪಾಲನ್ನು ಮರೆಯಬೇಡಿ. ಕಾಫಿ, ಹಣ್ಣು ಹಿಪ್ಯುರೇಟನ್ನು ಏರಿಸುತ್ತವೆ; ಹೃದ್ರೋಗದ ಚರ್ಚೆಯಲ್ಲಿ ಬರುವ ಟಿಎಂಎಒ (ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ಅಣು) ಮೀನು ತಿಂದರೆ ಒಮ್ಮೆಲೇ ಜಿಗಿಯುತ್ತದೆ. ಇಂಡಾಕ್ಸಿಲ್ ಸಲ್ಫೇಟ್ ಎಂಬ ತ್ಯಾಜ್ಯ ಕರುಳಿನಲ್ಲಿ ಶುರುವಾಗಿ, ಮೂತ್ರಪಿಂಡದೊಳಗಿನ ನಾಳಿಕೆಗಳು ಸ್ರವಿಸಿದಾಗ ಹೊರಬೀಳುವಂಥದ್ದು. ಮೂತ್ರದಲ್ಲಿ ಅದು ಕಡಿಮೆಯಾದರೆ ತಯಾರಾಗಿದ್ದೇ ಕಡಿಮೆಯೋ, ನಾಳಿಕೆ ಸೋತಿದೆಯೋ ಎಂಬುದು ರಕ್ತದ ಮಟ್ಟವಿಲ್ಲದೆ ತಿಳಿಯದು. ರಕ್ತದಲ್ಲಿ ಏರಿ ಮೂತ್ರದಲ್ಲಿ ಇಳಿದಿದ್ದರೆ ನಾಳಿಕೆಯನ್ನೇ ಅನುಮಾನಿಸಿ. ಮತ್ತು ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನು (ಮೂತ್ರಕ್ಕೆ ಸೋರುವ ಪ್ರೋಟೀನಿನ ಅಳತೆ) ಜೊತೆಗೇ ಅಳೆಯಿರಿ. ಬೆಳಗಿನ ಮೊದಲ ಮೂತ್ರವಾದರೆ ಉತ್ತಮ. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದರೆ ಮರುಪರೀಕ್ಷೆ ಮಾಡಿ, ಕನಿಷ್ಠ 3 ತಿಂಗಳು ಹಾಗೆಯೇ ಉಳಿದಿದೆಯೇ ನೋಡಿ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಕಠಿಣ ವ್ಯಾಯಾಮ ಇದ್ದರೆ ಅಂದಿನ ಮಾದರಿ ಬೇಡ.

ಪ್ರಶ್ನೆ ಕೇಳಿದವರು: ಬೆಂಜೋಯೇಟ್ ಏರಿದ ಮಾದರಿಗಳೆಲ್ಲ ಸಂಜೆವರೆಗೆ ಹೊರಗೇ ಇದ್ದವು. ಅವನ್ನು ತೆಗೆದು, ಉಳಿದವನ್ನು 7.83ರಲ್ಲಿ ಮತ್ತೆ ಅಳೆಯುತ್ತೇವೆ.