ಓಡುವ ನಾಯಿ ಒಂದೂ ಶಾರ್ಪ್ ಬರುತ್ತಿಲ್ಲ, ಯಾವ ಲೆನ್ಸ್ ತಗೊಳ್ಳಲಿ?

ಎರೆಹೊಲ | ಭಾನುವಾರ, ರಾತ್ರಿ 9:40

ಸಾಕಾಗಿ ಹೋಗಿದೆ. ಮೂರು ಭಾನುವಾರದಿಂದ ಕುರಿಗಾರರ ನಾಯಿಗಳ ಹಿಂದೆ ಬಿದ್ದಿದ್ದೇನೆ. ಇವತ್ತು 412 ಫೋಟೋ ತೆಗೆದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದರೆ ಒಂದರಲ್ಲೂ ನಾಯಿಯ ಕಣ್ಣು ಕಣ್ಣಿನ ಹಾಗಿಲ್ಲ. ಫೋಟೋ ಮೇಲೆ ಯಾರೋ ಎಣ್ಣೆಗೈ ಒರೆಸಿದ ಹಾಗಿದೆ. ಕ್ಯಾಮೆರಾ ಹಿಂದಿನ ಪುಟ್ಟ ಸ್ಕ್ರೀನಿನಲ್ಲಿ ಎಲ್ಲ ಚೆಂದವೇ ಕಾಣುತ್ತದೆ, ಅದೇ ಹೊಟ್ಟೆ ಉರಿಯೋದು.

ಸೆಟ್ಟಿಂಗ್ ಎಲ್ಲ ಸರಿ ಇದೆ, ಅದನ್ನು ಮತ್ತೆ ಕೇಳಬೇಡಿ. ಈಗಿರುವುದು 250ರ ಲೆನ್ಸ್ (250 ಎಂಎಂವರೆಗೆ ಜೂಮ್). ಮಾರಿ ಬೇರೆ ತಗೊಳ್ಳೋಣ ಅಂತ. ಕೈಯಲ್ಲಿ ನಲವತ್ತು ಸಾವಿರ ಇದೆ. ಒಬ್ಬರು ಹಳೆಯ 70-200 ಎಫ್ 4 ಹುಡುಕು ಅಂತಾರೆ, ಇನ್ನೊಬ್ಬರು 70-300 ಅಂತಾರೆ, ಮತ್ತೊಬ್ಬರು 150-600ಕ್ಕಿಂತ ಕಮ್ಮಿ ತಗೊಂಡರೆ ದುಡ್ಡು ದಂಡ ಅಂತಾರೆ. ಯಾವುದು? ಬೇಗ ಹೇಳಿ, ಇನ್ನೆರಡು ವಾರದಲ್ಲಿ ಕುರಿಗಾರರು ಮುಂದಿನ ಊರಿಗೆ ಹೊರಡುತ್ತಾರೆ.

ಹಳೇರೀಲು | ರಾತ್ರಿ 9:58

ಫ್ರಂಟ್ ಫೋಕಸ್, ಅಂದರೆ ಇಟ್ಟ ಗುರಿಗಿಂತ ಈಚೆಗೆ ಫೋಕಸ್ ಬೀಳೋದು. ನೂರಕ್ಕೆ ನೂರು. ನನ್ನ ಹಳೆಯ ಲೆನ್ಸಿಗೂ ಇದೇ ಆಗಿತ್ತು. ಆರು ತಿಂಗಳು ನನ್ನ ಕೈಯೇ ನಡುಗುತ್ತದೆ ಅಂದುಕೊಂಡಿದ್ದೆ. ಮೇಜಿನ ಮೇಲೆ ಸ್ಕೇಲನ್ನು ಓರೆಯಾಗಿ ಇಟ್ಟು ನಡುವಿನ ಗೆರೆಗೆ ಫೋಕಸ್ ಮಾಡಿ ತೆಗೆಯಿರಿ. ಈಚೆಗಿನ ಗೆರೆ ಶಾರ್ಪ್ ಬಂದರೆ ನಾನು ಹೇಳಿದ್ದೇ. ಮೆನುವಿನಲ್ಲಿ ಮೈಕ್ರೋ ಅಡ್ಜಸ್ಟ್‌ಮೆಂಟ್ ಅಂತ ಇರುತ್ತದೆ, ಫೋಕಸ್ ಹಿಂದೆ ಮುಂದೆ ಸರಿಸೋಕೆ, ಪ್ಲಸ್ ಮೈನಸ್ ಮಾಡಿ. ಲೆನ್ಸ್ ಮಾರಬೇಡಿ.

ಆರುನೂರು_ಎಂಎಂ | ರಾತ್ರಿ 10:15

250ರಲ್ಲಿ ಪ್ರಾಣಿ ತೆಗೆಯೋದು ಅಂದರೆ ಲೋಟದಲ್ಲಿ ಕೆರೆ ಖಾಲಿ ಮಾಡೋಕೆ ಹೋದ ಹಾಗೆ. ನನ್ನದು ನಿಕಾನ್ ಝಡ್8 ಕ್ಯಾಮೆರಾ, ಜೊತೆಗೆ 180-600 ಲೆನ್ಸ್. ಪ್ರಾಣಿಯ ಕಣ್ಣನ್ನು ಕ್ಯಾಮೆರಾವೇ ಹುಡುಕಿಕೊಳ್ಳುತ್ತದೆ, ನಾವು ಬಟನ್ ಒತ್ತಿದರೆ ಆಯ್ತು. ಹೋದ ತಿಂಗಳು ಕಬಿನಿಯಲ್ಲಿ ಒಂದು ಸೀಳುನಾಯಿ ಹಿಂಡು ಸಿಕ್ಕಿತ್ತು, ಬೇರೆ ಚರ್ಚೆಯಲ್ಲಿ ಹಾಕಿದ್ದೇನೆ, ನೋಡಿ.

ಕೆರೆಏರಿ | ರಾತ್ರಿ 10:31

ಎರೆಹೊಲ ಅವರೇ, ಕ್ಯಾಮೆರಾ ಯಾವುದು ಅಂತಲೇ ಹೇಳಿಲ್ಲವಲ್ಲ! 250ರ ಲೆನ್ಸ್ ಅಂದರೂ ಯಾವುದು? ಕೆನಾನ್ 55-250ರಲ್ಲೇ ಮೂರು ಬಗೆ ಇವೆ: ಐಎಸ್, ಐಎಸ್ 2, ಎಸ್‌ಟಿಎಂ. ನಿಕಾನ್ ಝಡ್‌ಗೂ ಒಂದು 50-250 ಇದೆ. ಲೆನ್ಸಿನ ಮುಂದೆ ಸುತ್ತ ಬರೆದಿರುತ್ತದೆ, ಓದಿ ಹೇಳಿ. ನಾಯಿ ಎಷ್ಟು ದೂರ, ಹೊತ್ತು ಎಷ್ಟು, ಮುಂದೆ ಫಿಲ್ಟರ್ ಏನಾದರೂ ಇದೆಯಾ? ಸೆಟ್ಟಿಂಗ್ ಕೇಳಬೇಡಿ ಅಂದಿದ್ದೀರಿ. ಆದರೂ ಕೇಳುತ್ತೇನೆ.

ಎರೆಹೊಲ | ಸೋಮವಾರ, ಬೆಳಿಗ್ಗೆ 6:05

ಕ್ಷಮಿಸಿ ಸರ್, ಕೋಪದಲ್ಲಿ ಬರೆದೆ. ಕೆನಾನ್ 1500ಡಿ, ಎರಡು ಲೆನ್ಸಿನ ಕಿಟ್‌ನಲ್ಲಿ ಬಂದ 55-250 ಐಎಸ್ 2. ಎಐ ಸರ್ವೋ (ಓಡುವುದನ್ನು ಹಿಂಬಾಲಿಸುವ ಫೋಕಸ್), ಶಟರ್ 1/1000 ಸೆಕೆಂಡಿಗಿಂತ ನಿಧಾನ ಮಾಡಿಲ್ಲ, ಒಂಬತ್ತೂ ಫೋಕಸ್ ಪಾಯಿಂಟ್ ಆನ್. ಅಂಗಡಿಯವರು ಪುಕ್ಕಟೆ ಕೊಟ್ಟ ಯುವಿ ಫಿಲ್ಟರ್ ಇದೆ. ದೂರ ಅಳೆದಿಲ್ಲ. ಬದುವಿನ ಈಚೆ ನಾನು, ಹೊಲದ ನಡುವೆ ನಾಯಿ. ಎಪ್ಪತ್ತು ಎಂಬತ್ತು ಮೀಟರ್ ಇರಬಹುದು. ಹತ್ತಿರ ಹೋದರೆ ಮೈಮೇಲೆ ಬರುತ್ತವೆ ಅಂತ ಭಯ.

ಮೈಕ್ರೋ ಅಡ್ಜಸ್ಟ್‌ಮೆಂಟ್ ಮೆನುವಿನಲ್ಲಿ ಎಲ್ಲೂ ಸಿಗಲಿಲ್ಲ.

ಕೆರೆಏರಿ | ಬೆಳಿಗ್ಗೆ 7:20

ಸಿಗಲ್ಲ, 1500ಡಿಯಲ್ಲಿ ಅದು ಇಲ್ಲವೇ ಇಲ್ಲ. ಮೊದಲು ಆ ಪುಕ್ಕಟೆ ಗಾಜು ತೆಗೆದು ಡಬ್ಬಿಗೆ ಹಾಕಿ.

ಹಳೇರೀಲು | ಬೆಳಿಗ್ಗೆ 7:26

ಮೆನುವಿನಲ್ಲಿ ಇಲ್ಲ ಅಂದರೆ ರೋಗ ಇಲ್ಲ ಅಂತಲ್ಲ. ಸ್ಕೇಲ್ ಇಟ್ಟು ನೋಡಿ. ಕ್ಯಾಮೆರಾ, ಲೆನ್ಸ್ ಎರಡನ್ನೂ ಸರ್ವೀಸಿಗೆ ಕೊಡಬೇಕು.

ಮುಧೋಳಪ್ರಿಯ | ಬೆಳಿಗ್ಗೆ 8:44

ಮುಧೋಳ ನಾಯಿಗೆ 250 ಖಂಡಿತ ಸಾಲಲ್ಲ. ಅದು ಕಣ್ಣಲ್ಲೇ ಬೇಟೆ ಹಿಡಿಯುವ ತಳಿ. ಓಟ ಶುರುವಾದರೆ ಎರಡೇ ಉಸಿರಿಗೆ ಹೊಲದ ಆ ತುದಿ. 2005ರಲ್ಲಿ ಅಂಚೆ ಇಲಾಖೆ ನಮ್ಮ ನಾಯಿಯ ಸ್ಟಾಂಪ್ ತಂದಿತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೇ ಇದೆ. ಅಲ್ಲಿಗೆ ಹೋಗಿ, ಓಡುವ ನಾಯಿ ಅಂದರೆ ಏನು ಅಂತ ಗೊತ್ತಾಗುತ್ತೆ.

ಎರೆಹೊಲ | ಬೆಳಿಗ್ಗೆ 8:50

ನಾನು ಮುಧೋಳ ಅಂತ ಎಲ್ಲೂ ಹೇಳಿಲ್ಲ. ಇವು ಜವಾರಿ ನಾಯಿ. ನವಲಗುಂದದ ಕಡೆ ಕಡಲೆ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತಾರಲ್ಲ, ಆ ಹಿಂಡು ಕಾಯುವ ನಾಯಿ.

ಮುಧೋಳಪ್ರಿಯ | ಬೆಳಿಗ್ಗೆ 9:02

ಜವಾರಿ ಅಂದರೂ ಉದ್ದ ಮೂತಿ, ಒಳಗೆ ಹೋದ ಹೊಟ್ಟೆ ಇದ್ದರೆ ಮುಧೋಳದ ರಕ್ತವೇ. ಫೋಟೋ ಹಾಕಿ.

ಮೊಸರನ್ನ | ಬೆಳಿಗ್ಗೆ 9:10

ಫೋಟೋ ಶಾರ್ಪ್ ಇಲ್ಲ ಅಂತಲೇ ಅಲ್ವಾ ಈ ಗಲಾಟೆ? ರಕ್ತ ಹೇಗೆ ಕಾಣುತ್ತೆ?

ಕೆರೆಏರಿ | ಬೆಳಿಗ್ಗೆ 9:31

ಬೇಟೆ ನಾಯಿ ಬೇರೆ, ಹಿಂಡು ಕಾಯುವ ನಾಯಿ ಬೇರೆ. ಕಾಯುವ ನಾಯಿ ಹಗಲೆಲ್ಲ ಕುರಿಗಳ ಅಂಚಿನಲ್ಲಿ ಮಲಗಿರುತ್ತದೆ. ಅದರ ಕಾಯುವ ಕೆಲಸ ಹೆಚ್ಚಾಗಿ ರಾತ್ರಿ. ಓಡುವುದು ಬೆಳಿಗ್ಗೆ ಹಿಂಡು ಎದ್ದಾಗ, ಸಂಜೆ ಕೂಡುವಾಗ, ಇಲ್ಲವೇ ಪರ ಊರಿನ ನಾಯಿ ಬಂದಾಗ. ಅದಕ್ಕೇ ಹೊತ್ತು ಎಷ್ಟು ಅಂತ ಕೇಳಿದ್ದು. ಇನ್ನೂ ಉತ್ತರ ಬಂದಿಲ್ಲ.

ಇನ್ನೊಂದು ಮಾತು, ಎಲ್ಲರಿಗೂ. ಮೊಲ ಅಟ್ಟಿಸಿ ನಾಯಿ ಓಡಿಸಿ ಫೋಟೋ ತೆಗೆಯೋರು ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಇಲ್ಲಿ ಯಾರೂ ಅದಕ್ಕೆ ಲೆನ್ಸ್ ಕೇಳಬೇಡಿ.

ಎರೆಹೊಲ | ಸೋಮವಾರ, ರಾತ್ರಿ 9:15

ಸ್ಕೇಲ್ ಟೆಸ್ಟ್ ಮಾಡಿದೆ. ಟ್ರೈಪಾಡ್ ಮೇಲೆ ಹತ್ತು ಸಲ. ವ್ಯೂಫೈಂಡರಿನಲ್ಲೂ ತೆಗೆದೆ, ಲೈವ್ ವ್ಯೂನಲ್ಲೂ (ಹಿಂದಿನ ಸ್ಕ್ರೀನಿನಲ್ಲಿ ನೋಡಿಕೊಂಡು) ತೆಗೆದೆ. ಎರಡರಲ್ಲೂ 15ನೇ ಗೆರೆಯೇ ಶಾರ್ಪ್, ಅದಕ್ಕೇ ಫೋಕಸ್ ಮಾಡಿದ್ದು. ಫಿಲ್ಟರ್ ತೆಗೆದ ಮೇಲೆ ಇನ್ನೂ ಸ್ವಲ್ಪ ಚೊಕ್ಕ. ನಿನ್ನೆಯದೊಂದು ಫೋಟೋ ಹಾಗೇ ಹಾಕಿದ್ದೇನೆ, ಏನೂ ತಿದ್ದಿಲ್ಲ.

ಹಳೇರೀಲು | ರಾತ್ರಿ 9:22

ಹತ್ತಿರದಲ್ಲಿ ಸರಿ ಇದ್ದು ದೂರದಲ್ಲಿ ಫ್ರಂಟ್ ಫೋಕಸ್ ಆಗುವ ಲೆನ್ಸ್ ನಾನು ಕಣ್ಣಾರೆ ನೋಡಿದ್ದೇನೆ. ಸ್ಕೇಲನ್ನು ಎಂಬತ್ತು ಮೀಟರಿನಲ್ಲಿ ಇಟ್ಟು ನೋಡಿ.

ಮೊಸರನ್ನ | ರಾತ್ರಿ 9:24

ಎಂಬತ್ತು ಮೀಟರಿಗೆ ಸ್ಕೇಲ್ ಇಟ್ಟರೆ ಅದನ್ನು ಹುಡುಕೋಕೇ ಆ 180-600 ಬೇಕು.

ಕೆರೆಏರಿ | ರಾತ್ರಿ 10:40

ಫೋಟೋ ಇಳಿಸಿಕೊಂಡು ಅದರ ಒಳಗಿನ ಮಾಹಿತಿ ನೋಡಿದೆ. 250 ಎಂಎಂ, ಎಫ್ 5.6, 1/1250, ಐಎಸ್ಒ 200. ತೆಗೆದ ಹೊತ್ತು ಮಧ್ಯಾಹ್ನ 1:17.

ಹಳೇರೀಲು ಅವರೇ, ಲೆಕ್ಕ ನೋಡಿ. ಈ ಕ್ಯಾಮೆರಾದಲ್ಲಿ 250 ಎಂಎಂ, ಎಫ್ 5.6 ಇಟ್ಟು ಎಂಬತ್ತು ಮೀಟರಿಗೆ ಫೋಕಸ್ ಮಾಡಿದರೆ ಸುಮಾರು ಎಪ್ಪತ್ತರಿಂದ ತೊಂಬತ್ತು ಮೀಟರಿನವರೆಗೆ ಎಲ್ಲ ಶಾರ್ಪ್ ಇರಬೇಕು. ಇಪ್ಪತ್ತು ಮೀಟರಿನಷ್ಟು ಜಾಗ. ಫೋಕಸ್ ಒಂದೆರಡು ಮೀಟರ್ ಮುಂದೆ ಬಿದ್ದರೂ ಗೊತ್ತೇ ಆಗಲ್ಲ. ಇಲ್ಲಿ ನಾಯಿಯ ಮುಂದಿನ ಹೆಂಟೆಯೂ ಮಸುಕು, ಹಿಂದಿನ ಹೆಂಟೆಯೂ ಮಸುಕು. ಫೋಕಸ್ ತಪ್ಪಿದ್ದರೆ ಎಲ್ಲೋ ಒಂದು ಕಡೆ ಶಾರ್ಪ್ ಸಿಗಬೇಕಿತ್ತು ಅಲ್ವಾ?

ಈಗ ಹಿಂದೆ ನಿಂತ ಜಾಲಿ ಗಿಡದ ಬುಡ ನೋಡಿ. ನೀರಿನಲ್ಲಿ ನಿಂತ ಹಾಗೆ ಅಲೆಯಲೆಯಾಗಿದೆ. ಗಿಡ ಓಡುತ್ತಿಲ್ಲ ತಾನೇ? ಬೇಸಿಗೆ ಮಧ್ಯಾಹ್ನ, ಕಾದ ಎರೆ ನೆಲ, ಮೇಲೆ ನೆರಳಿಲ್ಲ. ನೆಲದಿಂದ ಏಳುವ ಬಿಸಿ ಗಾಳಿ ಬೆಳಕನ್ನು ಒಂದೊಂದು ಕಡೆ ಒಂದೊಂದು ಥರ ಬಗ್ಗಿಸುತ್ತದೆ. ಬಿಸಿಲುಗುದುರೆ ಅಂತೀವಲ್ಲ, ಅದರ ತಮ್ಮ ಇದು. ಎಂಬತ್ತು ಮೀಟರ್ ಅಂಥ ಗಾಳಿಯ ಮೂಲಕ ನೋಡುತ್ತಿದ್ದೀರಿ. ನಲವತ್ತು ಸಾವಿರವಲ್ಲ, ನಾಲ್ಕು ಲಕ್ಷದ ಲೆನ್ಸ್ ಹಾಕಿದರೂ ಆ ಗಾಳಿ ಹಾಗೇ ಇರುತ್ತದೆ. ಉದ್ದದ ಲೆನ್ಸಿನಲ್ಲಿ ಆ ನಡುಕವೂ ದೊಡ್ಡದಾಗಿಯೇ ಬರುತ್ತದೆ.

ನಂಬಬೇಡಿ, ಪರೀಕ್ಷೆ ಮಾಡಿ. ಅಲ್ಲೇ ಒಂದು ಕರೆಂಟ್ ಕಂಬ ಇದೆಯಾ? ಟ್ರೈಪಾಡ್ ಇಟ್ಟು ಮಧ್ಯಾಹ್ನ ಒಂದಕ್ಕೆ ಹತ್ತು ಫೋಟೋ, ಮರುದಿನ ಹೊತ್ತು ಮೂಡುವಾಗ ಅದೇ ಜಾಗದಿಂದ ಹತ್ತು.

ಆರುನೂರು_ಎಂಎಂ | ರಾತ್ರಿ 10:52

ನನ್ನ ಲೆನ್ಸಿನಲ್ಲಿ ಇಂಥ ತೊಂದರೆ ಒಂದು ದಿನವೂ ಬಂದಿಲ್ಲ.

ಕೆರೆಏರಿ | ರಾತ್ರಿ 10:55

ಸಫಾರಿ ಜೀಪು ಮಧ್ಯಾಹ್ನ ಒಂದಕ್ಕೆ ಹೊರಡಲ್ಲ ಗುರುಗಳೇ.

ಎರೆಹೊಲ | ಮಂಗಳವಾರ, ಬೆಳಿಗ್ಗೆ 6:12

ಬೆಳಿಗ್ಗೆ ಹಿಟ್ಟಿನ ಗಿರಣಿ ಇರುತ್ತದೆ ಸರ್. ಭಾನುವಾರ ಜನ ಜಾಸ್ತಿ, ಹನ್ನೊಂದೂವರೆಗೆ ಬಾಗಿಲು ಹಾಕಿಕೊಂಡು ಹೋಗೋದು. ಬೆಳಕು ಜಾಸ್ತಿ ಇದ್ದರೆ ಒಳ್ಳೆಯದು ಅಂತ ನಾನೂ ಖುಷಿಯಲ್ಲಿದ್ದೆ. ಯೂಟ್ಯೂಬಿನಲ್ಲಿ ಹೇಳಿದ ಹಾಗೆ ನೆಲಕ್ಕೆ ಮಲಗಿಯೂ ತೆಗೆದೆ. ಅವು ಇನ್ನೂ ಕೆಟ್ಟದಾಗಿ ಬಂದವು. ಯಾಕೆ ಅಂತ ಈಗ ಅನುಮಾನ ಬರುತ್ತಿದೆ.

ಕೆರೆಏರಿ | ಬೆಳಿಗ್ಗೆ 7:05

ಹೌದು, ನೆಲದ ಹತ್ತಿರವೇ ಗಾಳಿ ಜಾಸ್ತಿ ಕಾದಿರೋದು. ಮಲಗಿ ತೆಗೆಯುವುದು ಬೆಳಿಗ್ಗೆಗೆ ಚೆಂದ. ಮಧ್ಯಾಹ್ನ ಹೋಗಲೇಬೇಕು ಅಂದರೆ ನಿಂತೇ ತೆಗೆಯಿರಿ, ಅದಕ್ಕಿಂತ ಮುಖ್ಯವಾಗಿ ಹತ್ತಿರ ಹೋಗಿ.

ಎರೆಹೊಲ | ಗುರುವಾರ, ರಾತ್ರಿ 8:50

ಎರಡು ದಿನ ಗಿರಣಿಗೆ ತಮ್ಮನನ್ನು ಕೂರಿಸಿದೆ.

ಕಂಬದ ಫಲಿತಾಂಶ: ಮಧ್ಯಾಹ್ನದ ಹತ್ತರಲ್ಲಿ ಕಂಬದ ಮೇಲಿನ ನಂಬರ್ ಒಂದರಲ್ಲೂ ಸರಿಯಾಗಿ ಓದೋಕೆ ಆಗಲ್ಲ. ಒಂದರಲ್ಲಿ 8, ಇನ್ನೊಂದರಲ್ಲಿ ಅದೇ 3. ಬೆಳಿಗ್ಗೆ 6:40ರ ಹತ್ತರಲ್ಲೂ ನಂಬರ್ ಓದಬಹುದು. ಬಣ್ಣ ಎದ್ದುಹೋದ ಜಾಗದ ತುಕ್ಕೂ ಕಾಣುತ್ತದೆ. ಅದೇ ಲೆನ್ಸ್, ಅದೇ ಜಾಗ. ಬೆಪ್ಪಾದೆ.

ಆಮೇಲೆ ಹಿಂಡಿನ ಹತ್ತಿರ ಹೋದೆ. ಕುರಿ ಕಾಯುವ ಅಜ್ಜ ಒಂದು ಮಾತು ಹೇಳಿದರು: ಆ ಉದ್ದ ಕೊಳವೆ ಕಣ್ಣಿಗೆ ಹಿಡಿದುಕೊಂಡು ನೆಟ್ಟಗೆ ಬರಬೇಡ, ನನ್ನ ಜೊತೆ ಬಂದು ಕೂತು ಚಾ ಕುಡಿ, ನಾಯಿ ನೋಡಲಿ. ಕೂತೆ. ಅರ್ಧ ಗಂಟೆ ಆದ ಮೇಲೆ ದೊಡ್ಡ ನಾಯಿ ಬಂದು ಚಪ್ಪಲಿ ಮೂಸಿ ಹೋಯಿತು. ಅಷ್ಟೇ, ಆಮೇಲೆ ನಾನು ಅಲ್ಲಿ ಇದ್ದೇನೆ ಅಂತಲೂ ನೋಡಲಿಲ್ಲ. ಇಪ್ಪತ್ತು ಮೀಟರಿನಿಂದ ತೆಗೆದೆ. ಒಂದು ಫೋಟೋದಲ್ಲಿ ಕಿವಿಯ ಅಂಚಿಗೆ ಅಂಟಿದ ಉತ್ತರಾಣಿ ಕಾಳು ಎಣಿಸಬಹುದು. ಏಳು ಇವೆ.

ಆದರೆ ಅದು ನಿಂತ ನಾಯಿ. ಓಡುವಾಗ ನೂರರಲ್ಲಿ ಇಪ್ಪತ್ತೈದು ಮೂವತ್ತು ಅಷ್ಟೇ ಸರಿ ಬಂದಿವೆ. ನನ್ನ ಕಡೆಗೇ ಓಡಿ ಬಂದವು ಎಲ್ಲ ಹಾಳು. ಇದಕ್ಕಾದರೂ ಲೆನ್ಸ್ ಬೇಕಾ, ಇಲ್ಲ ಇದಕ್ಕೂ ಚಾ ಕುಡಿಯಬೇಕಾ?

ಕೆರೆಏರಿ | ರಾತ್ರಿ 9:30

ಇದು ಲೆನ್ಸಿನ ವಿಷಯವೇ. ಈಗ ಮಾತಾಡಬಹುದು.

ಇಪ್ಪತ್ತು ಮೀಟರಿನಲ್ಲಿ ಶಾರ್ಪ್ ಇರುವ ಜಾಗ ಒಂದೂಕಾಲು ಮೀಟರ್ ಚಿಲ್ಲರೆ ಮಾತ್ರ. ನಾಯಿ ಗಂಟೆಗೆ 36 ಕಿ.ಮೀ. ಓಡುತ್ತದೆ ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ ಹತ್ತು ಮೀಟರ್. ನಿಮ್ಮ ಕಡೆಗೇ ಬಂದರೆ ಆ ಜಾಗವನ್ನು ಕಣ್ಣು ಮಿಟುಕಿಸೋದರಲ್ಲಿ ದಾಟಿಬಿಡುತ್ತದೆ. ಐಎಸ್ 2 ಲೆನ್ಸಿನ ಫೋಕಸ್ ಮೋಟರ್ ಹಳೇ ಕಾಲದ್ದು, ಸದ್ದು ಮಾಡುತ್ತಾ ಹಿಂದೆ ಬೀಳುತ್ತದೆ. ಒಂಬತ್ತು ಪಾಯಿಂಟಿನಲ್ಲಿ ನಡುವಿನದು ಮಾತ್ರ ಕ್ರಾಸ್ ಟೈಪ್, ಅಡ್ಡ ಉದ್ದ ಎರಡೂ ಗೆರೆ ಹಿಡಿಯುವಂಥದ್ದು. ಎಲ್ಲ ಆನ್ ಇಟ್ಟರೆ ಅದು ಕುರಿ ಹಿಡಿಯುತ್ತೋ ನಾಯಿ ಹಿಡಿಯುತ್ತೋ ದೇವರಿಗೇ ಗೊತ್ತು. ನಡುವಿನ ಒಂದನ್ನೇ ಇಡಿ. ನಾಯಿ ಓಟ ಶುರು ಮಾಡುವ ಮೊದಲೇ ಬಟನ್ ಅರ್ಧ ಒತ್ತಿ ಹಿಡಿದುಕೊಂಡಿರಿ. ಎದುರು ಬರುವುದಕ್ಕಿಂತ ಅಡ್ಡ ಓಡುವುದನ್ನು ತೆಗೆಯಿರಿ, ಜೊತೆಗೇ ಕ್ಯಾಮೆರಾ ತಿರುಗಿಸಿ. ಸೆಕೆಂಡಿಗೆ ಮೂರೇ ಫೋಟೋ ತೆಗೆಯುವ ಕ್ಯಾಮೆರಾ ಅದು, ಅದೃಷ್ಟ ನಂಬಿ ಒತ್ತಿ ಹಿಡಿಯಬೇಡಿ.

ಖರೀದಿಗೆ ಬಂದರೆ ಸೆಕೆಂಡ್ ಹ್ಯಾಂಡ್ 55-250 ಎಸ್‌ಟಿಎಂ. ಹೆಸರು ಒಂದೇ ಆದರೂ ಬೇರೆಯೇ ಲೆನ್ಸ್. ಫೋಕಸ್ ಚುರುಕು, ಸದ್ದಿಲ್ಲ, ತೂಕ 375 ಗ್ರಾಂ. 70-200 ಎಫ್ 4ರ ಮೋಟರ್ ಇನ್ನೂ ಜೋರು, ಮುಂಜಾನೆ ಬೆಳಕಿಗೂ ಒಳ್ಳೆಯದು. ಆದರೆ ಹಳೆಯದು ಕೊಳ್ಳುವಾಗ ಗಾಜಿನೊಳಗೆ ಟಾರ್ಚ್ ಬೆಳಕು ಹಾಯಿಸಿ ಫಂಗಸ್ (ಬೂಷ್ಟು) ಇದೆಯಾ ನೋಡಿ. 75-300 ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಕೈ ಮುಗಿದು ಬನ್ನಿ. ಸಾಮಾನ್ಯವಾಗಿ ಸಿಗುವುದರಲ್ಲಿ ಐಎಸ್ (ಕೈ ನಡುಕ ತಡೆಯುವ ವ್ಯವಸ್ಥೆ) ಇಲ್ಲ, 300ರಲ್ಲಿ ಮಸುಕು. 150-600 ಅಜ್ಜನ ಪಕ್ಕ ಕೂತವರಿಗೆ ಯಾಕೆ?

ಮುಧೋಳಪ್ರಿಯ | ರಾತ್ರಿ 9:41

ಕಿವಿಯ ಫೋಟೋ ನೋಡಿದೆ. ಆ ಮೂತಿ ಖಂಡಿತ ಮುಧೋಳವೇ.

ಆರುನೂರು_ಎಂಎಂ | ರಾತ್ರಿ 9:48

ಬಿಳಿ 70-200 ಕಂಡರೆ ಊರ ನಾಯಿ ಎಲ್ಲ ಬೊಗಳುತ್ತವೆ, ಅನುಭವದ ಮಾತು. ನನ್ನದಕ್ಕೆ ಹಸಿರು ಕವರ್ ಹೊಲಿಸಿದ್ದೇನೆ. ಫೋಟೋ ಹಾಕಲಾ?

ಎರೆಹೊಲ | ಶುಕ್ರವಾರ, ಬೆಳಿಗ್ಗೆ 6:20

ಹುಬ್ಬಳ್ಳಿ ಧಾರವಾಡದಲ್ಲಿ ಎಸ್‌ಟಿಎಂ ಮಾರುವವರು ಇದ್ದರೆ ಮೆಸೇಜ್ ಮಾಡಿ. ಈ ಭಾನುವಾರ ಐದೂವರೆಗೆ ಹೋಗುತ್ತೇನೆ. ಗಿರಣಿ ಹತ್ತಕ್ಕೆ ತೆರೆಯುತ್ತೆ ಅಂತ ಬೋರ್ಡ್ ಬರೆದಿಟ್ಟೆ. ಹೆಂಡತಿ ಮಾತು ಬಿಟ್ಟಿದ್ದಾಳೆ.

ಹೊಸಬ_1300ಡಿ | ಶುಕ್ರವಾರ, ಮಧ್ಯಾಹ್ನ 2:11

ನನ್ನದೂ ಇದೇ 55-250 ಐಎಸ್ 2. ಮದುವೆ ಹಾಲ್ ಒಳಗೆ ಒಂದೂ ಶಾರ್ಪ್ ಬರಲ್ಲ. ಇದೂ ಬಿಸಿಲುಗುದುರೆನಾ ಸರ್? ಸೆಟ್ಟಿಂಗ್ ಎಲ್ಲ ಸರಿ ಇದೆ.

ಹಳೇರೀಲು | ಮಧ್ಯಾಹ್ನ 2:13

ಫ್ರಂಟ್ ಫೋಕಸ್.