ಸ್ತನ ಕ್ಯಾನ್ಸರ್ ಮೂಳೆಯನ್ನೇ ಏಕೆ ಹಿಡಿಯುತ್ತದೆ?

ಪ್ರಶ್ನೆ (ಡೊಂಬಿವಲಿಯಿಂದ)
ನಮ್ಮ ತಾಯಿಯವರಿಗೆ ಹಲವು ವರ್ಷಗಳ ಹಿಂದೆ ಮುಂಬಯಿಯಲ್ಲಿ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಈಗ ಬೆನ್ನುನೋವೆಂದು ಪರೀಕ್ಷಿಸಿದಾಗ ರೋಗವು ಬೆನ್ನುಮೂಳೆಗೆ ಹರಡಿರುವುದು ಕಂಡುಬಂದಿದೆ. ಇದು ಹೊಸದಾಗಿ ಹುಟ್ಟಿದ ಮೂಳೆಯ ಕ್ಯಾನ್ಸರೇ? ಇಷ್ಟು ವರ್ಷ ಅದು ಎಲ್ಲಿ ಅಡಗಿತ್ತು?

ಉತ್ತರ 1 (ಪುಣೆಯಿಂದ, ಜೀವಕೋಶ ಸಂಶೋಧಕ)
ಅಲ್ಲ ಅಕ್ಕಾ, ಮೂಳೆಯಲ್ಲಿದ್ದರೂ ಅದು ಸ್ತನ ಕ್ಯಾನ್ಸರೇ; ಆದ್ದರಿಂದಲೇ ಹಾರ್ಮೋನ್ ಚಿಕಿತ್ಸೆಯಂತಹ ಸ್ತನ ಕ್ಯಾನ್ಸರಿನ ಔಷಧಗಳನ್ನೇ ಕೊಡುತ್ತಾರೆ. ಮೂಲ ಗಡ್ಡೆಯಿಂದ ಬೇರ್ಪಟ್ಟ ಕೆಲವು ಜೀವಕೋಶಗಳು ರಕ್ತದ ಮೂಲಕ ಅಸ್ಥಿಮಜ್ಜೆಯನ್ನು ಸೇರಿ, ವಿಭಜನೆಯಾಗದೆ ವರ್ಷಗಟ್ಟಲೆ ಸುಪ್ತವಾಗಿ ಉಳಿಯಬಲ್ಲವು. 1889ರಲ್ಲಿ ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಮೃತಪಟ್ಟ 735 ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ಪರಿಶೀಲಿಸಿ, ರೋಗವು ಕಂಡಕಂಡ ಅಂಗಕ್ಕೆ ಹರಡುವುದಿಲ್ಲ, ಒಗ್ಗುವ ಮಣ್ಣಿನಲ್ಲಷ್ಟೇ ಬೀಜ ಮೊಳೆಯುತ್ತದೆ ಎಂದು ವಾದಿಸಿದ್ದರು.

ಆ ಮಣ್ಣಿನ ಗುಣ ಈಗ ಬಹುಮಟ್ಟಿಗೆ ತಿಳಿದಿದೆ. ನಮ್ಮ ಮೂಳೆಯನ್ನು ಕೆಲವು ಕೋಶಗಳು ಸದಾ ಕರಗಿಸುತ್ತಿರುತ್ತವೆ, ಇನ್ನು ಕೆಲವು ಮತ್ತೆ ಕಟ್ಟುತ್ತಿರುತ್ತವೆ. ಕ್ಯಾನ್ಸರ್ ಕೋಶಗಳು ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನನ್ನು ಸ್ರವಿಸಿದಾಗ, ಕಟ್ಟುವ ಕೋಶಗಳು ರ‍್ಯಾಂಕ್‌ಎಲ್ ಎಂಬ ಸಂಕೇತವನ್ನು ಹೆಚ್ಚಿಸುತ್ತವೆ. ಅದರಿಂದ ಕರಗಿಸುವ ಕೋಶಗಳ ಸಂಖ್ಯೆ ಬೆಳೆಯುತ್ತದೆ. ಮೂಳೆ ಕರಗಿದಂತೆಲ್ಲ ಅದರೊಳಗೆ ಸಂಗ್ರಹವಾಗಿದ್ದ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಹೊರಬಂದು ಕ್ಯಾನ್ಸರ್ ಕೋಶಗಳನ್ನು ಇನ್ನಷ್ಟು ಉತ್ತೇಜಿಸುತ್ತದೆ. ಈ ವಿಷಚಕ್ರವನ್ನು ಬಿಡಿಸಿದ್ದು ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಫಲಪ್ರದ ಕೆಲಸ, ಏಕೆಂದರೆ ರ‍್ಯಾಂಕ್‌ಎಲ್ ಅನ್ನು ತಡೆಯುವ ಡೆನೊಸುಮ್ಯಾಬ್ ಇದೇ ತಿಳಿವಿನಿಂದ ಬಂದ ಔಷಧ. ಅದು ಗಡ್ಡೆಯನ್ನು ನಿರ್ಮೂಲ ಮಾಡುವುದಿಲ್ಲ. ಆದರೆ ಮೂಳೆ ಮುರಿಯುವಂತಹ ತೊಂದರೆಗಳನ್ನು ಕಡಿಮೆ ಮಾಡುತ್ತದೆ.

ಉತ್ತರ 2 (ಮಾಟುಂಗದಿಂದ, ನಿವೃತ್ತ ನರ್ಸ್)
ಡೆನೊಸುಮ್ಯಾಬ್ ಅಥವಾ ಮೂಳೆ ಕರಗುವುದನ್ನು ತಡೆಯುವ ಇನ್ನೊಂದು ಔಷಧವಾದ ಜೊಲೆಡ್ರಾನಿಕ್ ಆಮ್ಲದ ಚುಚ್ಚುಮದ್ದು ಆರಂಭಿಸುವ ಮುನ್ನ ಹಲ್ಲಿನ ವೈದ್ಯರಿಗೆ ತಪ್ಪದೆ ತೋರಿಸಿರಿ. ಈ ಔಷಧಗಳು ನಡೆಯುತ್ತಿರುವಾಗ ಹಲ್ಲು ಕೀಳಿಸಿದರೆ ಕೆಲವರಲ್ಲಿ ದವಡೆಯ ಮೂಳೆ ಕೊಳೆಯುತ್ತದೆ. ಅದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ತಾಯಿಯವರ ಕಾಲುಗಳಲ್ಲಿ ಶಕ್ತಿ ಕುಂದಿದರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಈ ಚುಚ್ಚುಮದ್ದನ್ನು ಶಸ್ತ್ರಚಿಕಿತ್ಸೆಯ ಹೊತ್ತಿಗೇ ಕೊಟ್ಟಿದ್ದರೆ ಹರಡುವುದನ್ನು ತಡೆಯಬಹುದಿತ್ತೇ?

ಉತ್ತರ 1 (ಪುಣೆಯಿಂದ)
ಖಂಡಿತವಾಗಿ ತಡೆಯುತ್ತಿತ್ತೆಂದು ಯಾರೂ ಹೇಳಲಾರರು. ಜೊಲೆಡ್ರಾನಿಕ್ ಆಮ್ಲದ ವರ್ಗದ ಔಷಧಗಳ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮುಟ್ಟು ನಿಂತ ಮಹಿಳೆಯರಲ್ಲಿ ಹತ್ತು ವರ್ಷಗಳೊಳಗೆ ಮೂಳೆಯಲ್ಲಿ ಮರುಕಳಿಸುವ ಪ್ರಮಾಣವು ಶೇಕಡಾ 8.8ರಿಂದ 6.6ಕ್ಕೆ ಇಳಿದಿತ್ತು, ಮುಟ್ಟು ನಿಲ್ಲದವರಲ್ಲಿ ಅಂತಹ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಹಿಂದಿನದನ್ನು ನೆನೆದು ನೋಯದೆ, ಈಗಿನ ಗಡ್ಡೆಯ ಹಾರ್ಮೋನ್ (ಅದು ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂಬುದು) ಮತ್ತು ಹರ್-2 (ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಒಂದು ಪ್ರೋಟೀನ್) ಗುಣಗಳನ್ನು ಹೊಸದಾಗಿ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿರಿ. ಹರಡಿದ ಕೋಶಗಳಲ್ಲಿ ಅವು ಕೆಲವೊಮ್ಮೆ ಬದಲಾಗಿರುತ್ತವೆ, ಬದಲಾಗಿದ್ದರೆ ಚಿಕಿತ್ಸೆಯೂ ಬದಲಾಗುತ್ತದೆ.