ಎಮರ್ಜೆನ್ಸಿ ಅಂತ ಬೋರ್ಡ್ ಹಾಕಿ ಮೂರು ಗಂಟೆ ಕೂರಿಸಿದ್ರೆ ಹೇಗೆ?

ಹೊಸಬೆಳಕು: ಮೊನ್ನೆ ರಾತ್ರಿ ಅಪ್ಪಂಗೆ ಹೊಟ್ಟೆನೋವು ಜೋರಾಗಿ ಎಮರ್ಜೆನ್ಸಿಗೆ ಕರ್ಕೊಂಡು ಹೋದ್ವಿ. ಬಾಗ್ಲಲ್ಲೇ ಒಬ್ರು ನರ್ಸ್ ಬಿಪಿ, ಪಲ್ಸ್, ಜ್ವರ ನೋಡಿ ಬರ್ಕೊಂಡ್ರು, ಕೂತಿರಿ ಕರೀತೀವಿ ಅಂದ್ರು, ಅಷ್ಟೇ, ಆಮೇಲೆ ಮೂರು ಗಂಟೆ ಯಾರೂ ತಿರುಗಿ ನೋಡ್ಲಿಲ್ಲ. ನಮ್ಮ ನಂತರ ಬಂದ ನಾಲ್ಕು ಜನ ನಮ್ಮ ಕಣ್ಮುಂದೆನೇ ಒಳಗೆ ಹೋದ್ರು, ಅವ್ರಲ್ಲಿ ಒಬ್ರು ನಡ್ಕೊಂಡೇ ಬಂದಿದ್ರು, ಅಪ್ಪ ಮಾತ್ರ ಬೆಂಚ್ ಮೇಲೆ ಮುದುಡ್ಕೊಂಡು ನರಳ್ತಿದ್ರು. ಮೊದ್ಲು ಬಂದವ್ರಿಗೆ ಮೊದ್ಲು ಅನ್ನೋದು ಅಲ್ಲಿ ಇಲ್ವಾ?

ರಾತ್ರಿಪಾಳಿ: ಅಪ್ಪ ಈಗ ಹೇಗಿದಾರೆ? ನಾನು ಎಮರ್ಜೆನ್ಸಿಲೇ ನರ್ಸ್, ಅದಕ್ಕೇ ಹೇಳ್ತಿದೀನಿ, ಅಲ್ಲಿ ಸರದಿ ಅನ್ನೋದು ಬಂದ ಹೊತ್ತಿನ ಮೇಲೆ ಇರಲ್ಲ. ಬಾಗ್ಲಲ್ಲಿ ನೋಡಿದ್ರಲ್ಲ, ಅದೇ ಟ್ರಯಾಜ್. ಉಸಿರಾಟ, ಆಕ್ಸಿಜನ್, ಪಲ್ಸ್, ಬಿಪಿ, ಎಚ್ಚರ ಎಷ್ಟಿದೆ, ನೋವು ಎಷ್ಟಿದೆ ಇದನ್ನೆಲ್ಲ ನೋಡಿ ಯಾರಿಗೆ ತಡ ಆದ್ರೆ ಜೀವಕ್ಕೆ ಅಪಾಯ ಅಂತ ವಿಂಗಡಿಸ್ತಾರೆ. ಮ್ಯಾಂಚೆಸ್ಟರ್ ಪದ್ಧತಿ ಅಂತ ಒಂದಿದೆ, ಅದ್ರಲ್ಲಿ ಕೆಂಪು ಅಂದ್ರೆ ತಕ್ಷಣ, ಕಿತ್ತಳೆ 10 ನಿಮಿಷ, ಹಳದಿ 60, ಹಸಿರು 120, ನೀಲಿ 240 ನಿಮಿಷದೊಳಗೆ. ಬೇರೆ ಆಸ್ಪತ್ರೆಗಳಲ್ಲಿ ಬಣ್ಣದ ಬದ್ಲು 1ರಿಂದ 5ರವರೆಗೆ ನಂಬರ್ ಇರುತ್ತೆ. ನಡ್ಕೊಂಡು ಬಂದವ್ರಿಗೆ ಎದೆನೋವು ಇದ್ದಿರಬಹುದು, ಅಂಥವ್ರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗ್ಬೇಕು. ಸ್ಟ್ರೋಕ್ ಆದ್ರೂ ಹಾಗೇ, ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಕೊಡೋಕೆ ಲಕ್ಷಣ ಶುರುವಾದಾಗಿಂದ ಸಾಮಾನ್ಯವಾಗಿ 4.5 ಗಂಟೆ ಟೈಮ್, ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿ ಮಿದುಳಲ್ಲಿ ರಕ್ತಸ್ರಾವ ಇಲ್ಲ ಅಂತ ನೋಡ್ಕೋಬೇಕು.

ಹೊಸಬೆಳಕು: ಅಪ್ಪ ಹುಷಾರಾಗಿದಾರೆ, ಪಿತ್ತಕೋಶದಲ್ಲಿ ಕಲ್ಲು ಅಂತೆ. ನೋವು ಹತ್ತರಲ್ಲಿ ಎಷ್ಟು ಅಂತ ಅವ್ರು ಕೇಳಿದ್ದು ನಿಜ. ಅಪ್ಪ ಸಂಕೋಚಕ್ಕೆ "ಪರ್ವಾಗಿಲ್ಲ ಸಿಸ್ಟರ್, ತಡ್ಕೋತೀನಿ" ಅಂದ್ಬಿಟ್ರು.

ರಾತ್ರಿಪಾಳಿ: ಅಯ್ಯೋ, ಅಲ್ಲೇ ಹಂತ ಕೆಳಗೆ ಹೋಗಿರುತ್ತೆ! ದೊಡ್ಡವ್ರು ಹೀಗೇ ಹೇಳೋದು, ಪಕ್ಕದಲ್ಲಿರೋರು ಬಾಯಿ ಬಿಡ್ಬೇಕು.

ಎರಡುಮಾತು: ಎಲ್ಲ ತಪ್ಪನ್ನೂ ರೋಗಿ ಮೇಲೆ ಹಾಕ್ಬೇಡಿ ಅಕ್ಕ. ನಮ್ಮಮ್ಮಂಗೆ ಶುಗರ್ ಇದೆ, ಎದೆನೋವು ಒಂಚೂರೂ ಇರ್ಲಿಲ್ಲ, ಬರೀ ಸುಸ್ತು, ತಣ್ಣನೆ ಬೆವರು, ಉಸಿರು ಕಟ್ಟಿದ ಹಾಗೆ. ಸುಸ್ತು ಅಂತ ಬರ್ಕೊಂಡು ಕೂರಿಸಿದ್ರು, ಕೊನೆಗೆ ನೋಡಿದ್ರೆ ಹಾರ್ಟ್ ಅಟ್ಯಾಕ್. ಶುಗರ್ ಇರೋರಿಗೆ, ವಯಸ್ಸಾದವ್ರಿಗೆ, ಹೆಂಗಸ್ರಿಗೆ ಎದೆನೋವೇ ಇಲ್ದೆ ಹಾಗಾಗಬಹುದು ಅಂತ ಆಮೇಲೆ ಡಾಕ್ಟ್ರೇ ಹೇಳಿದ್ರು. ಬಾಗ್ಲಲ್ಲಿ ಎರಡು ನಿಮಿಷ ನೋಡಿ ಒಂದು ಬಣ್ಣ ಹಚ್ಚಿ ಹಾಗೇ ಬಿಟ್ಬಿಟ್ರೆ ಆ ಪದ್ಧತಿ ಇಟ್ಕೊಂಡು ಏನು ಮಾಡೋದು?

ರಾತ್ರಿಪಾಳಿ: ನಿಮ್ಮ ಮಾತು ಒಪ್ತೀನಿ. ಕಾಯ್ತಿರೋರನ್ನ ಮತ್ತೆ ಮತ್ತೆ ನೋಡ್ಬೇಕು, ಅದು ನಮ್ಮ ಕೆಲಸ, ಜನ ಜಾಸ್ತಿ ಇದ್ದಾಗ ತಪ್ಪಿಹೋಗುತ್ತೆ. ಅದಕ್ಕೇ ಉಸಿರಾಟ ಕಷ್ಟ ಆದ್ರೆ, ಮಾತು ತೊದಲಿದ್ರೆ, ಮಂಪರು ಬಂದ್ರೆ, ನೋವು ಏರಿದ್ರೆ ನಮ್ಮನ್ನ ಕರೆಯೋವರೆಗೂ ಕಾಯ್ಬೇಡಿ, ಎದ್ದು ಬಂದು ಹೇಳಿ.

ಪಯಣಿಗ: ಇಷ್ಟೆಲ್ಲ ಯಾಕೆ, ಆಂಬುಲೆನ್ಸಲ್ಲಿ ಹೋದ್ರೆ ನೇರ ಒಳಗೆ ಹೋಗಬಹುದಲ್ವಾ.

ಮೂರನೇವಾರ್ಡು: ಇಲ್ಲ ಸ್ವಾಮಿ, ಆಂಬುಲೆನ್ಸಲ್ಲಿ ಬಂದವ್ರಿಗೂ ಅದೇ ವಿಂಗಡಣೆ, ಕಾಲು ಉಳುಕಿದ್ರೆ ಸ್ಟ್ರೆಚರಿಂದ ಇಳಿಸಿ ಕುರ್ಚಿ ಮೇಲೆ ಕೂರಿಸ್ತಾರೆ. ಆದ್ರೆ ಎದೆನೋವು, ಸ್ಟ್ರೋಕ್ ಅಂತ ಅನುಮಾನ ಬಂದ್ರೆ ಆಂಬುಲೆನ್ಸೇ ಕರೀರಿ, ದಾರೀಲೇ ಚಿಕಿತ್ಸೆ ಶುರುವಾಗುತ್ತೆ, ಆಸ್ಪತ್ರೆಗೂ ಮುಂಚೆನೇ ಸುದ್ದಿ ಹೋಗಿರುತ್ತೆ. ಇನ್ನೊಂದು, ಒಳಗೆ ಹೋದ್ಮೇಲೂ ಕಾಯೋದು ಮುಗಿಯಲ್ಲ. ನನಗೆ ಎದೆನೋವು ಅಂತ ಹೋದಾಗ ಹೃದಯಕ್ಕೆ ಪೆಟ್ಟಾಗಿದ್ಯಾ ಅಂತ ತೋರಿಸೋ ಟ್ರೋಪೊನಿನ್ ಟೆಸ್ಟಿಗೆ ರಕ್ತ ತಗೊಂಡು ಕೆಲವು ಗಂಟೆ ಬಿಟ್ಟು ಮತ್ತೆ ತಗೊಂಡ್ರು, ಮೊದಲನೇದು ನಾರ್ಮಲ್ ಬಂದಿತ್ತಲ್ಲ ಮನೆಗೆ ಬಿಡಿ ಅಂತ ನಾನು ರೇಗಾಡಿದ್ದೆ. ಹೃದಯಕ್ಕೆ ಪೆಟ್ಟಾದ ತಕ್ಷಣ ಅದು ರಕ್ತದಲ್ಲಿ ಏರಲ್ವಂತೆ, ಸ್ವಲ್ಪ ಹೊತ್ತು ಬೇಕು.

ಹೊಸಬೆಳಕು: ಅಪ್ಪಂಗೆ ನೀರೂ ಕೊಡ್ಬೇಡಿ ಅಂದಿದ್ರು, ಯಾಕೆ ಅಂತ ಹೇಳ್ಲಿಲ್ಲ. ಡಾಕ್ಟ್ರು ನೋಡೋವರೆಗೂ ನೋವಿನ ಮಾತ್ರೆನೂ ಇಲ್ಲ ಅಂದ್ರು.

ರಾತ್ರಿಪಾಳಿ: ಆಪರೇಷನ್ ಬೇಕಾದ್ರೆ ಅರಿವಳಿಕೆ ಕೊಟ್ಟಾಗ ಹೊಟ್ಟೇಲಿರೋದು ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು ಅಂತ ಬೇಡ ಅಂತಾರೆ. ಶುಗರ್ ಮಾತ್ರೆ ತಗೋಳೋರು ಹಸಿದಿದ್ರೆ ಅದನ್ನ ಮಾತ್ರ ಹೇಳ್ಲೇಬೇಕು. ನೋವಿನ ಔಷಧಿ ಕೊಟ್ರೆ ರೋಗ ಮರೆಯಾಗುತ್ತೆ ಅನ್ನೋದು ಹಳೇ ನಂಬಿಕೆ, ಈಗ ಹಾಗೆ ತಡೆಯಬೇಕಿಲ್ಲ, ಕೇಳಿ, ಕೇಳೋದು ತಪ್ಪಲ್ಲ. ಹೋಗುವಾಗ ಮಾತ್ರೆ ಚೀಟಿ ತಗೊಂಡು ಹೋಗಿ, ಅದ್ರಲ್ಲೂ ರಕ್ತ ತೆಳು ಮಾಡೋ ಮಾತ್ರೆ ಇದ್ರೆ, ಯಾವುದಾದ್ರೂ ಔಷಧಿ ಆಗಲ್ಲ ಅಂದ್ರೆ ಮೊದ್ಲೇ ಹೇಳಿ.

ಹೊಸಬೆಳಕು: ಇವತ್ತೇ ಅಪ್ಪನ ಮಾತ್ರೆ ಎಲ್ಲ ಬರೆದು ಅವ್ರ ಪರ್ಸಲ್ಲಿ ಇಟ್ಟೆ. ಬೇರೆಯವ್ರು ಯಾಕೆ ಮೊದ್ಲು ಹೋದ್ರು ಅಂತ ಈಗ ಅರ್ಥ ಆಯ್ತು, ಆ ಸಿಟ್ಟಿಲ್ಲ. ಆದ್ರೆ "ಒಳಗೆ ಸೀರಿಯಸ್ ಕೇಸ್ ಇದೆ, ಇನ್ನೂ ಎರಡು ಗಂಟೆ ಆಗಬಹುದು" ಅಂತ ಬಂದು ಹೇಳೋಕೆ ಅರ್ಧ ನಿಮಿಷ ಸಾಕಿತ್ತು, ಅದನ್ನ ಮಾತ್ರ ನಾನು ಬಿಡಲ್ಲ.

ರಾತ್ರಿಪಾಳಿ: ಬಿಡ್ಬೇಡಿ. ಇದನ್ನೇ ಆ ಆಸ್ಪತ್ರೆಗೆ ಬರೆದು ಕೊಡಿ. ನಾನೂ ಇವತ್ತು ರಾತ್ರಿ ಡ್ಯೂಟಿಗೆ ಹೋದ್ಮೇಲೆ ಬೆಂಚ್ ಮೇಲೆ ಕೂತವ್ರ ಹತ್ರ ಒಂದು ಸುತ್ತು ಹೋಗಿ ಮಾತಾಡಿಸ್ತೀನಿ.